ವ್ಯವಹಾರಶುದ್ಧಿ ಮತ್ತು ಮೌನಸಮ್ಮತಿ

ಕಳವು ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಕತ್ತಲೆಯ ಹೊತ್ತು, ಕನ್ನ ಕೊರೆದ ಗೋಡೆ, ಮುರಿದ ಬೀಗ. ಆದರೆ ಹಾಡುಹಗಲಿನಲ್ಲಿ, ರಸೀತಿಯ ಸಮೇತ, ಕೊಡುವವನ ಗಮನಕ್ಕೇ ಬಾರದಂತೆ ಹಣವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುವುದೂ ಉಂಟು. ಅಲ್ಲಿ ಬಲಾತ್ಕಾರವಿರುವುದಿಲ್ಲ, ಬಾಯಿಬಿಟ್ಟು ಆಡಿದ ಸುಳ್ಳೂ ಇರುವುದಿಲ್ಲ. ಕೊಡುವವನು ಬೇಡವೆನ್ನಲಿಲ್ಲ ಎಂಬುದೊಂದೇ ಅದಕ್ಕೆ ಆಧಾರ. ಬೇಡವೆನ್ನದಿರುವುದು ಕೊಟ್ಟಂತೆ ಆಗುವುದೇ? ಈ ಪ್ರಶ್ನೆಯನ್ನು ಒಂದು ಸಣ್ಣ ಉದಾಹರಣೆಯ ಮೂಲಕ ವಿಚಾರಿಸಬಹುದು.

ನಗರಗಳಲ್ಲಿ ವ್ಯಾಯಾಮವನ್ನೂ ಯೋಗಾಭ್ಯಾಸವನ್ನೂ ಕಲಿಸುವ ಶಾಲೆಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಶುಲ್ಕ ಪಡೆಯುತ್ತವೆ. ಮೊದಲನೆಯದು ಪಾಸಿನ ಪದ್ಧತಿ. ಹತ್ತು ತರಗತಿಗಳಿಗೆಂದು ಮೊದಲೇ ಹಣ ಕೊಟ್ಟವನು ಬಂದಾಗಲೆಲ್ಲ ಒಂದೊಂದು ತರಗತಿ ಅವನ ಲೆಕ್ಕದಿಂದ ಕಳೆಯುತ್ತದೆ; ಹತ್ತು ಮುಗಿದ ಮೇಲೆ ಅವನು ತಾನಾಗಿಯೇ ಮತ್ತೆ ಹಣ ಕೊಡಬೇಕು. ಎರಡನೆಯದು ಮಾಸಿಕ ಚಂದಾ. ಒಮ್ಮೆ ಬ್ಯಾಂಕಿಗೆ ಅಥವಾ ಕಾರ್ಡಿಗೆ ಅಪ್ಪಣೆ ಕೊಟ್ಟರಾಯಿತು. ಅವನು ಬರಲಿ ಬಾರದಿರಲಿ, ಪ್ರತಿ ತಿಂಗಳೂ ಹಣ ತಾನಾಗಿಯೇ ಸಂದಾಯವಾಗುತ್ತದೆ. ಮೊದಲನೆಯದರಲ್ಲಿ ಮುಂದುವರಿಯಲು ಮಾತು ಬೇಕು, ನಿಲ್ಲಿಸಲು ಮೌನ ಸಾಕು. ಎರಡನೆಯದರಲ್ಲಿ ಮುಂದುವರಿಯಲು ಮೌನ ಸಾಕು, ನಿಲ್ಲಿಸಲು ಮಾತು ಬೇಕು. ಶಾಲೆಯೊಂದು ತನ್ನ ಪಾಸುಗಳನ್ನು ಮಾಸಿಕ ಚಂದಾಗೆ ಬದಲಾಯಿಸಿದಾಗ ಶುಲ್ಕದ ಮೊತ್ತ ಮಾತ್ರವಲ್ಲ, ಮೌನದ ಅರ್ಥವೇ ಬದಲಾಗುತ್ತದೆ.

ಶಾಲೆ ನಡೆಸುವವರ ಕಷ್ಟವನ್ನು ಅಲ್ಲಗಳೆದು ತೀರ್ಪು ಕೊಡುವುದು ನ್ಯಾಯವಲ್ಲ. ಕಟ್ಟಡದ ಬಾಡಿಗೆ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಶಿಕ್ಷಕರ ಸಂಬಳವೂ ಹಾಗೆಯೇ. ಪಾಸು ಕೊಂಡವರು ಒಂದು ತಿಂಗಳು ತುಂಬಿ ಬಂದು ಮುಂದಿನ ತಿಂಗಳು ಕಾಣದಾದರೆ ಆದಾಯವು ಏರುಪೇರಾಗುತ್ತದೆ. ಸ್ಥಳ ಕಾದಿರಿಸಿ ಬಾರದೆ ಹೋದವನಿಂದ ಇನ್ನೊಬ್ಬನಿಗೆ ಆ ಸ್ಥಳ ತಪ್ಪುತ್ತದೆ. ಮಾಸಿಕ ಚಂದಾದಿಂದ ಶಾಲೆಯು ಸ್ಥಿರವಾಗಿ ನಿಲ್ಲಬಹುದು, ಶಿಕ್ಷಕರಿಗೆ ಸಕಾಲದಲ್ಲಿ ಸಂಬಳ ಸಲ್ಲಬಹುದು. ಆದ್ದರಿಂದ ಈ ಪದ್ಧತಿಯೇ ದೋಷಯುಕ್ತವೆಂದು ಹೇಳುವಂತಿಲ್ಲ. ಅದರ ಲಾಭ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು.

ಈ ವಿಷಯದಲ್ಲಿ ಒಂದು ಅಧ್ಯಯನ ಪ್ರಸಿದ್ಧವಾಗಿದೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ವ್ಯಾಯಾಮ ಶಾಲೆಗಳ 7,752 ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಚಂದಾ ಕೊಡುತ್ತಿದ್ದವರು ಸರಾಸರಿ 4.3 ಬಾರಿ ಮಾತ್ರ ಶಾಲೆಗೆ ಹೋಗುತ್ತಿದ್ದರು. ಒಂದು ಭೇಟಿಗೆ ಅವರು ತೆತ್ತದ್ದು 17 ಡಾಲರಿಗೂ ಹೆಚ್ಚು. ಅದೇ ಶಾಲೆಗಳಲ್ಲಿ ಹತ್ತು ಭೇಟಿಗಳ ಪಾಸು ಕೊಂಡಿದ್ದರೆ ಭೇಟಿಯೊಂದಕ್ಕೆ 10 ಡಾಲರ್ ಸಾಕಾಗುತ್ತಿತ್ತು. ಇದಕ್ಕಿಂತಲೂ ವಿಚಾರಾರ್ಹವಾದುದು ಮತ್ತೊಂದು ಅಂಶ: ಸದಸ್ಯನು ಕೊನೆಯ ಬಾರಿ ಶಾಲೆಗೆ ಬಂದ ದಿನಕ್ಕೂ ಸದಸ್ಯತ್ವ ರದ್ದುಪಡಿಸಿದ ದಿನಕ್ಕೂ ನಡುವೆ ಸರಾಸರಿ ಎರಡು ಪೂರ್ಣ ತಿಂಗಳುಗಳಿಗೂ ಹೆಚ್ಚು ಕಾಲ ಕಳೆಯುತ್ತಿತ್ತು. ಆ ತಿಂಗಳುಗಳಲ್ಲಿ ಶಾಲೆಯು ಅವನಿಗೆ ಏನನ್ನೂ ಕಲಿಸಲಿಲ್ಲ, ಅವನೂ ಏನನ್ನೂ ಪಡೆಯಲಿಲ್ಲ. ಹಣ ಮಾತ್ರ ಸಂದಾಯವಾಯಿತು.

ಇದಕ್ಕೆ ಕೊಡುವವನೇ ಹೊಣೆಯಲ್ಲವೇ ಎಂದು ಕೇಳಬಹುದು. ನಾಳೆಯಿಂದ ದಿನವೂ ಹೋಗುವೆನೆಂದು ತನ್ನ ಸಂಕಲ್ಪಶಕ್ತಿಯನ್ನು ಹೆಚ್ಚಾಗಿ ಎಣಿಸಿದವನು ಅವನೇ. ನಿಲ್ಲಿಸಬೇಕೆಂದುಕೊಂಡೂ ನಾಳೆ ನೋಡೋಣವೆಂದು ಮುಂದೂಡಿದವನೂ ಅವನೇ. ಹಣ ಕೊಟ್ಟಿರುವೆನೆಂಬ ನೆನಪಾದರೂ ತನ್ನನ್ನು ಎಬ್ಬಿಸಲಿ ಎಂದು ತಿಳಿದೇ ಚಂದಾ ಕಟ್ಟುವವರೂ ಇದ್ದಾರೆ. ಈ ಮಾತಿನಲ್ಲಿ ಸತ್ಯವಿದೆ. ಆಲಸ್ಯಕ್ಕೆ ಬೆಲೆ ತೆರಬೇಕಾದದ್ದು ಲೋಕನಿಯಮ. ಆದರೆ ಒಬ್ಬನ ಆಲಸ್ಯವು ಅವನ ದೋಷವೆಂದ ಮಾತ್ರಕ್ಕೆ ಆ ದೋಷದ ಫಲವು ನನ್ನ ಸೊತ್ತಾಗುವುದಿಲ್ಲ. ಬಾಗಿಲು ಹಾಕಲು ಮರೆತವನು ಅಜಾಗರೂಕನೇ ಸರಿ. ಅದರಿಂದ ಒಳಹೊಕ್ಕವನಿಗೆ ಹಕ್ಕು ಬಂದಂತಾಗದು. ಅಲ್ಲದೆ ತಾನಾಗಿಯೇ ಚಂದಾ ಆರಿಸಿಕೊಂಡವನ ಮಾತು ಬೇರೆ, ಪಾಸು ಕೊಂಡಿದ್ದವನನ್ನು ಅವನು ಸುಮ್ಮನಿದ್ದನೆಂದು ಚಂದಾಕ್ಕೆ ಸೇರಿಸಿಕೊಳ್ಳುವ ಮಾತು ಬೇರೆ. ಎರಡನೆಯವನು ಹತ್ತು ತರಗತಿಗಳಿಗೆ ಒಪ್ಪಿದ್ದನೇ ಹೊರತು ಕೊನೆಯಿಲ್ಲದ ತಿಂಗಳುಗಳಿಗೆ ಒಪ್ಪಿರಲಿಲ್ಲ. ಒಂದಕ್ಕೆ ಕೊಟ್ಟ ಸಮ್ಮತಿಯನ್ನು ಇನ್ನೊಂದಕ್ಕೆ ಹಚ್ಚುವ ಅಧಿಕಾರ ಪಡೆದವನಿಗೆ ಇಲ್ಲ.

ಶ್ರಾವಕಾಚಾರದಲ್ಲಿ ಕಳವಿಗೆ ಅದತ್ತಾದಾನವೆಂಬ ಹೆಸರಿರುವುದು ಇಲ್ಲಿ ನೆನೆಯತಕ್ಕದ್ದು. ಆ ಪದವು ಕದಿಯುವವನ ಸಾಹಸವನ್ನಾಗಲಿ ಕಳೆದುಕೊಂಡವನ ದುಃಖವನ್ನಾಗಲಿ ಹೇಳುವುದಿಲ್ಲ. ದತ್ತವಾಗದುದರ ಆದಾನವೆಂಬುದನ್ನಷ್ಟೇ ಹೇಳುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕೊಳ್ಳುವಾಗ ಹೆಚ್ಚು, ಕೊಡುವಾಗ ಕಡಿಮೆಯಾಗುವಂತೆ ಅಳತೆ ತೂಕಗಳನ್ನು ಇಟ್ಟುಕೊಳ್ಳುವುದೂ ಸೇರಿದೆ. ಸೇರುವ ಬಾಗಿಲನ್ನು ಅಗಲವಾಗಿಯೂ ಹೊರಡುವ ಬಾಗಿಲನ್ನು ಕಿರಿದಾಗಿಯೂ ಮಾಡುವುದು ಅಂತಹ ಎರಡು ಅಳತೆಗಳ ವ್ಯವಹಾರವೇ ಅಲ್ಲವೇ? ಸೇರಲು ಒಂದು ಬೆರಳಿನ ಸ್ಪರ್ಶ ಸಾಕಾಗಿ, ಬಿಡಲು ಮಾತ್ರ ಶಾಲೆಗೆ ಖುದ್ದಾಗಿ ಬಂದು ಅರ್ಜಿ ಬರೆದುಕೊಡಬೇಕೆಂದರೆ, ತಕ್ಕಡಿಯ ಒಂದು ತಟ್ಟೆಯ ಕೆಳಗೆ ಮೇಣ ಅಂಟಿಸಿದಂತೆಯೇ ಆಯಿತು.

ಕಾನೂನು ಕೂಡ ಈ ಭೇದವನ್ನು ಗುರುತಿಸತೊಡಗಿದೆ. ಭಾರತೀಯ ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಕಡ್ಡಾಯಗೊಳಿಸಿದ ನಿಯಮಗಳ ಪ್ರಕಾರ, ಕಾರ್ಡಿನಿಂದ ಮತ್ತೆ ಮತ್ತೆ ಹಣ ಕಡಿತಗೊಳ್ಳುವ ಏರ್ಪಾಡಿನಲ್ಲಿ ಕಡಿತಕ್ಕೆ ಕನಿಷ್ಠ 24 ಗಂಟೆಗಳ ಮೊದಲು ಗ್ರಾಹಕನಿಗೆ ಸೂಚನೆ ಹೋಗಬೇಕು. ಏರ್ಪಾಡಿನಲ್ಲಿ ಬದಲಾವಣೆಯಾದರೆ ಅವನ ದೃಢೀಕರಣವನ್ನು ಹೊಸದಾಗಿ ಪಡೆಯಬೇಕು. ಕೇಂದ್ರ ಸರ್ಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ತಂತ್ರಗಳನ್ನು ಹೆಸರಿಸಿತು. ಚಂದಾ ರದ್ದುಪಡಿಸುವುದನ್ನು ಕ್ಲಿಷ್ಟಗೊಳಿಸುವ ಬಲೆಯೂ ಅವುಗಳಲ್ಲಿ ಒಂದು. ಅಮೆರಿಕದಲ್ಲಿ ಸೇರಿದಷ್ಟೇ ಸುಲಭವಾಗಿ ಬಿಡಲೂ ಅವಕಾಶವಿರಬೇಕೆಂಬ ನಿಯಮವನ್ನು ಅಲ್ಲಿನ ಫೆಡರಲ್ ವ್ಯಾಪಾರ ಆಯೋಗವು 2024ರಲ್ಲಿ ರೂಪಿಸಿತು. ರಚನೆಯ ಕ್ರಮದಲ್ಲಿ ಲೋಪವಿದೆಯೆಂದು ನ್ಯಾಯಾಲಯವು 2025ರ ಜುಲೈನಲ್ಲಿ ಅದನ್ನು ರದ್ದುಗೊಳಿಸಿತು. ನಿಯಮವು ಒಮ್ಮೆ ಬರಬಹುದು, ಒಮ್ಮೆ ಹೋಗಬಹುದು. ನ್ಯಾಯಾಲಯದ ತೀರ್ಪಿನಿಂದ ವರ್ತಕನ ಮನಸ್ಸಾಕ್ಷಿಯ ಲೆಕ್ಕ ಮುಗಿಯುವುದಿಲ್ಲ.

ಹಾಗಾದರೆ ಶುಲ್ಕದ ಪದ್ಧತಿಯನ್ನು ಬದಲಾಯಿಸಲೇಬಾರದೇ? ಹಾಗಲ್ಲ. ಬೇರೆಬೇರೆ ವ್ಯಾಯಾಮ ಶಾಲೆಗಳ ತರಗತಿಗಳಿಗೆ ಒಂದೇ ಪಾಸು ಮಾರುತ್ತಿದ್ದ ಅಮೆರಿಕದ ಕ್ಲಾಸ್‌ಪಾಸ್ ಸಂಸ್ಥೆಯು, ಮಾಸಿಕ ಶುಲ್ಕಕ್ಕೆ ಮಿತಿಯಿಲ್ಲದಷ್ಟು ತರಗತಿಗಳನ್ನು ಒದಗಿಸುವ ತನ್ನ ಯೋಜನೆಯನ್ನು 2016ರಲ್ಲಿ ಕೊನೆಗೊಳಿಸಿತು. ಸದಸ್ಯರು ಹೆಚ್ಚು ತರಗತಿಗಳಿಗೆ ಹೋದಷ್ಟೂ ಸಂಸ್ಥೆಯು ಶಾಲೆಗಳಿಗೆ ಹೆಚ್ಚು ಹಣ ಕೊಡಬೇಕಾಗಿತ್ತು. ಆ ಯೋಜನೆ ತನಗೆ ನಿಭಾಯಿಸಲಾಗದೆಂದು ಅದು ಬಹಿರಂಗವಾಗಿಯೇ ಹೇಳಿತು. ಸದಸ್ಯರಲ್ಲಿ ಅನೇಕರು ಅಸಮಾಧಾನಗೊಂಡರು. ಆದರೆ ಅಸಮಾಧಾನವೂ ವಂಚನೆಯೂ ಒಂದೇ ಅಲ್ಲ. ಬದಲಾವಣೆಯು ಎದುರಿಗೆ ಬಂದು ನಿಂತಾಗ ಗ್ರಾಹಕನು ಕೋಪಿಸಿಕೊಳ್ಳಬಹುದು, ಬಿಟ್ಟು ಹೋಗಬಹುದು. ಆ ಸ್ವಾತಂತ್ರ್ಯ ಅವನಿಗೆ ಉಳಿದಿರುತ್ತದೆ. ತಿಳಿಯದಂತೆ ನಡೆದ ಬದಲಾವಣೆಯಲ್ಲಿ ಅವನಿಗೆ ಕೋಪಗೊಳ್ಳುವ ಅವಕಾಶವೂ ಇಲ್ಲ.

ಆದ್ದರಿಂದ ಶಾಲೆಯವನು ಅನುಸರಿಸಬೇಕಾದ ಮಾರ್ಗ ಅಸ್ಪಷ್ಟವೇನಲ್ಲ. ಮಾರಿದ ಪಾಸು ಮಾರಿದವನ ಮೇಲಿನ ಋಣ. ಅದನ್ನು ಹಳೆಯ ಷರತ್ತಿನಲ್ಲಿಯೇ ಕೊನೆಯ ತರಗತಿಯವರೆಗೆ ಸಲ್ಲಿಸಬೇಕು. ಹೊಸ ಪದ್ಧತಿಗೆ ಪ್ರತಿಯೊಬ್ಬನಿಂದಲೂ ಹೊಸದಾಗಿ ಒಪ್ಪಿಗೆ ಕೇಳಬೇಕು. ಉತ್ತರ ಬಾರದಿದ್ದರೆ ಒಪ್ಪಿಲ್ಲವೆಂದೇ ತಿಳಿಯಬೇಕು. ಸೇರಿದ ದಾರಿಯಲ್ಲಿಯೇ ಹೊರಡಲೂ ಬರಬೇಕು. ಒಂದೆರಡು ತಿಂಗಳು ಕಾಣದವನಿಗೆ, ನಿಮ್ಮ ಹಣ ಬರುತ್ತಿದೆ, ನೀವು ಬರುತ್ತಿಲ್ಲ, ಮುಂದುವರಿಸಬೇಕೇ ಎಂದು ಕೇಳಿ ಒಂದು ಸಾಲು ಬರೆಯಬೇಕು. ಹಾಜರಿಯ ಲೆಕ್ಕ ಅವನ ಬಳಿಯೇ ಇರುವಾಗ ಗೊತ್ತಿರಲಿಲ್ಲವೆಂಬ ಸಮಾಧಾನ ಅವನಿಗೆ ಸಲ್ಲದು.

ಈ ಸಾಲು ಬರೆದರೆ ಕೆಲವರು ಬಿಟ್ಟುಹೋಗುವರು, ಆದಾಯ ಕುಗ್ಗುವುದು, ಒಂದು ವೇಳೆ ಶಾಲೆಯೇ ಕಷ್ಟಕ್ಕೆ ಸಿಲುಕುವುದು. ಈ ನಷ್ಟ ಕಲ್ಪಿತವಲ್ಲ. ಆದರೆ ಆ ನಷ್ಟದಿಂದಲೇ ಒಂದು ಸತ್ಯ ಹೊರಬೀಳುತ್ತದೆ. ಗ್ರಾಹಕರೆಲ್ಲರೂ ಪ್ರತಿ ತಿಂಗಳೂ ಎಚ್ಚರದಿಂದಿದ್ದರೆ ಎಷ್ಟು ಹಣ ಬರುತ್ತಿತ್ತೋ ಅಷ್ಟು ಶಾಲೆಯ ಸಂಪಾದನೆ. ಅದಕ್ಕೆ ಮೀರಿ ಬಂದದ್ದು ಅವರ ಮರೆವಿನಿಂದ ಬಂದದ್ದು. ತನ್ನ ಆದಾಯದಲ್ಲಿ ಯಾವ ಪಾಲು ಯಾವುದೆಂದು ಹೊರಗಿನವರು ಕೇಳಲಾರರು. ಕೇಳಿದರೂ ಅವನು ಹೇಳಬೇಕಾಗಿಲ್ಲ. ತನಗೆ ತಾನೇ ಹೇಳಿಕೊಳ್ಳಬಲ್ಲವನಾದರೆ ಅವನ ವ್ಯವಹಾರ ಶುದ್ಧವಾಗುವ ಮಾರ್ಗದಲ್ಲಿದೆ ಎನ್ನಬಹುದು.