ಕೇಳುವುದು ಅಂದರೇನು?

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಶಬ್ದಕ್ಕೆ ಎರಡು ಕೆಲಸ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಕೂಲಿ ಕೇಳುವುದು, ಪಾಲು ಕೇಳುವುದು, ನ್ಯಾಯ ಕೇಳುವುದು ಎಲ್ಲ ಅದರೊಳಗೇ ಬಂತು. ಶಾಸ್ತ್ರದ ವಿಷಯದಲ್ಲಿ ನಮ್ಮ ಜನಕ್ಕೆ ಕಿವಿಯ ಹಕ್ಕೂ ಇರಲಿಲ್ಲ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಸಿದ ಸೀಸ, ಅರಗು ಹೊಯ್ಯಬೇಕೆಂದು ಗೌತಮ ಧರ್ಮಸೂತ್ರದಲ್ಲಿ ಬರೆದಿಟ್ಟಿದ್ದಾರೆ. ಶೂದ್ರನಿಗೇ ಈ ಗತಿಯಾದರೆ ಊರ ಹೊರಗಿನವನ ಪಾಡು ಬೇರೆ ಹೇಳಬೇಕೆ?

ಈಗ ಹಂಗಿಲ್ಲ ಬಿಡ್ರಿ ಅನ್ನುತ್ತಾರೆ. ನಿಜ. ಶ್ರಾವಣ ಬಂತೆಂದರೆ ನಮ್ಮ ಚಿಕ್ಕೇರೂರು ಕಡೆಯ ಹಳ್ಳಿಗಳಲ್ಲಿ ಪುರಾಣ, ಪ್ರವಚನ, ಭಜನಿ, ನಾಮಜಪ ಶುರು. ಗಿಡದ ಟೊಂಗೆಗೆ ಮೈಕು ಕಟ್ಟುತ್ತಾರೆ. ಕೇರಿಗೂ ಕೇಳುತ್ತದೆ, ಕಿವಿ ಮುಚ್ಚಿಕೊಂಡರೂ ಕೇಳುತ್ತದೆ! ಎಲ್ಲರೂ ಬರ್ರಿ, ದೇವರ ಮುಂದ ಭೇದ ಇಲ್ಲ ಎಂದು ಕರೆಯುತ್ತಾರೆ. ನಮ್ಮವ್ವನೂ ಹೋಗುತ್ತಾಳೆ. ಹಿಂದಿನ ಸಾಲಿನಲ್ಲಿ ಕೂತು ನೂರೆಂಟು ಸಲ ನಾಮ ಹೇಳಿ ಬಂದು ‘ಎದಿ ಹಗುರಾತಪಾ’ ಅನ್ನುತ್ತಾಳೆ. ದಿನವಿಡೀ ಮಂದಿಯ ಹೊಲದಲ್ಲಿ ಬಗ್ಗಿ ಕಳೆ ತೆಗೆದ ಜೀವ ಅದು. ಆ ಹೊತ್ತಿನ ನೆಮ್ಮದಿಯನ್ನು ಮೌಢ್ಯವೆಂದು ಒಂದೇ ಮಾತಿಗೆ ತಳ್ಳಿಹಾಕುವ ನಮ್ಮ ಕೆಲವು ಗೆಳೆಯರ ಭಾಷಣ ನನಗೆ ಹಿಡಿಸುವುದಿಲ್ಲ.

ನನ್ನ ಜಗಳ ಬೇರೆ. ಅಂಥದೇ ಒಂದು ಸಭೆಯಲ್ಲಿ ರಾಮಾಯಣ ನಡೆದಿತ್ತು. ಕೇರಿಯ ಕಾಲೇಜು ಹುಡುಗನೊಬ್ಬ ಎದ್ದುನಿಂತು, “ಅಜ್ಜಾರ, ತಪಸ್ಸು ಮಾಡಿದ್ದಕ್ಕ ಶಂಬೂಕನ ತಲಿ ಯಾಕ ಕಡದ್ರು?” ಎಂದ. ಮೇಲೆ ಕೂತವರು ಸಿಟ್ಟಾಗಲಿಲ್ಲ. ನಗುತ್ತಲೇ, “ಸುಮ್ಮ ಕುಂತು ಕೇಳು ತಮ್ಮಾ, ಇಲ್ಲೆ ಹಂಗೆಲ್ಲ ಕೇಳಬಾರದು” ಅಂದರು. ಒಂದೇ ಉಸಿರಿನಲ್ಲಿ ಎರಡೂ ‘ಕೇಳು’ ಬಂದವು. ಜನ ನಕ್ಕರು. ಹುಡುಗ ಕೂತ. ಮರುದಿನದಿಂದ ಅವನು ಆ ಕಡೆ ಸುಳಿಯಲಿಲ್ಲ. ಕಿವಿಗೆ ಸೀಸ ಹೊಯ್ಯುವುದನ್ನು ಬಿಟ್ಟ ಸಮಾಜ ಬಾಯಿಗೆ ಬೀಗ ಹಾಕುವುದನ್ನು ಬಿಟ್ಟಿಲ್ಲ. ಅರ್ಧ ಹಕ್ಕು ಕೊಟ್ಟು ಪೂರ್ತಿ ಕೊಟ್ಟೆವೆಂದು ರಶೀದಿ ಬರೆಸಿಕೊಳ್ಳುವುದು ಯಾವ ಧರ್ಮ?

ಅವರ ಗ್ರಂಥಗಳನ್ನೇ ತೆಗೆದು ನೋಡಿ. ಕಠೋಪನಿಷತ್ತಿನಲ್ಲಿ ನಚಿಕೇತನೆಂಬ ಹುಡುಗ ಸಾವಿನ ದೇವರನ್ನೇ ಬೆನ್ನುಹತ್ತಿ ಕೇಳುತ್ತಾನೆ. ದನ, ಬಂಗಾರ, ಆಯುಷ್ಯ ಕೊಡುತ್ತೇನೆಂದರೂ ಪ್ರಶ್ನೆ ಬಿಡುವುದಿಲ್ಲ. ಬೃಹದಾರಣ್ಯಕದಲ್ಲಿ ಗಾರ್ಗಿ ಒಂದರ ಮೇಲೊಂದು ಕೇಳುತ್ತ ಹೋದಾಗ, ಇನ್ನು ಕೇಳಿದರೆ ನಿನ್ನ ತಲೆ ಉದುರೀತು ಎಂದು ಯಾಜ್ಞವಲ್ಕ್ಯ ಹೆದರಿಸುತ್ತಾನೆ. ಆದರೂ ಆಕೆ ಅದೇ ಸಭೆಯಲ್ಲಿ ಮತ್ತೆ ಏಳುತ್ತಾಳೆ, ಮತ್ತೆರಡು ಪ್ರಶ್ನೆ ಹಾಕುತ್ತಾಳೆ. ಪ್ರಶ್ನೆಯಿಂದ ಹುಟ್ಟಿದ ಪುಸ್ತಕವನ್ನು ಕಂಠಪಾಠ ಮಾಡಿಸಿ ಪ್ರಶ್ನೆಯನ್ನೇ ಕೊಲ್ಲಬಹುದೆಂಬುದನ್ನು ಪುರೋಹಿತಶಾಹಿಯಿಂದ ಕಲಿಯಬೇಕು.

ತಲೆಯ ಮಾತು ಬಂತೆಂದು ನೆನಪಾಯಿತು. ನಮ್ಮ ತಾಲೂಕಿನದೇ ಅಬಲೂರಿನ ಸೋಮೇಶ್ವರ ಗುಡಿಯ ಶಾಸನದಲ್ಲಿ ಏಕಾಂತದ ರಾಮಯ್ಯನ ಕತೆ ಕೆತ್ತಿದ್ದಾರೆ. ಜೈನರೊಡನೆ ವಾದ ಹತ್ತಿ, ಪಣಕ್ಕೆ ತನ್ನ ತಲೆಯನ್ನೇ ಕಡಿದಿಟ್ಟು ಮತ್ತೆ ಪಡೆದನಂತೆ. ಜಿನಮೂರ್ತಿ ಒಡೆದದ್ದೂ ಅದರಲ್ಲಿದೆ. ಪವಾಡಕ್ಕೆ ಜೈಕಾರ ಹಾಕಬಹುದು, ಅದನ್ನು ಪ್ರಶ್ನೆ ಕೇಳಲು ಬರುವುದಿಲ್ಲ.

ಕೇಸಪುತ್ತದ ಕಾಲಾಮರಿಗೆ ಬುದ್ಧ ಹೇಳಿದ್ದು ಇದಕ್ಕೆ ತೀರ ಬೇರೆ. ಕೇಳುತ್ತ ಬಂದದ್ದೆಂದು ನಂಬಬೇಡಿ, ಗ್ರಂಥದಲ್ಲಿದೆಯೆಂದು ನಂಬಬೇಡಿ, ನಮ್ಮ ಗುರುವೆಂದೂ ನಂಬಬೇಡಿ, ನೀವೇ ಪರೀಕ್ಷಿಸಿ ಎಂಬ ಅರ್ಥದ ಮಾತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಈ ಬುದ್ಧನ ಕಡೆ ನಡೆದರು.

ಅಷ್ಟು ದೂರ ಯಾಕೆ, ನಮ್ಮ ಕೇರಿಯ ತತ್ವಪದದ ಭಜನಿಗೆ ಬನ್ನಿ. ಏಕತಾರಿ, ದಮ್ಮಡಿ, ತಾಳ ಅಷ್ಟೇ. ಓದು ಬರಹ ಬಾರದ ಮುದುಕ ಒಗಟಿನಂಥ ಪದ ಹಾಡಿ ‘ಅರ್ಥ ಬಿಡಸ್ರಿ ನೋಡೋಣು’ ಅನ್ನುತ್ತಾನೆ. ಎದುರಿನ ಮೇಳದವನು ಬಿಡಿಸಬೇಕು, ತಿರುಗಿ ಸವಾಲು ಹಾಕಬೇಕು. ಬೆಳಗಾದರೂ ಮುಗಿಯುವುದಿಲ್ಲ. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು (1819-1889) ಮುಸಲ್ಮಾನರು, ಅವರ ಗುರು ಗೋವಿಂದಭಟ್ಟರು ಬ್ರಾಹ್ಮಣರು. ಅವರ ಪದಗಳು ಉಳಿದದ್ದು ಇಂಥ ಭಜನಿಗಳ ಬಾಯಲ್ಲಿ. ಹುಬ್ಬಳ್ಳಿಯ ಸಿದ್ಧಾರೂಢರು (1836-1929) ನಿಜಗುಣ ಶಿವಯೋಗಿಯ ಶಾಸ್ತ್ರವನ್ನು ಎಲ್ಲ ಜಾತಿಯವರ ನಡುವೆ ಕನ್ನಡದಲ್ಲೇ ಓದಿಸಿ ಅರ್ಥ ಹೇಳುತ್ತಿದ್ದರು. ಶಾಸ್ತ್ರ ಕಲಿಯಲು ನಮಗೆ ಯೋಗ್ಯತೆ ಇಲ್ಲವೆಂದವರು ಒಂದು ರಾತ್ರಿ ಕೇರಿಯ ಭಜನಿಯಲ್ಲಿ ಕೂಡಲಿ. ಅವರ ಪ್ರವಚನ ಎಷ್ಟು ಬಡವೆಂದು ತಿಳಿದೀತು.

ಊರ ಮಾಸ್ತರುಗಳಲ್ಲಿ ಒಂದು ವಿನಂತಿ. ಪ್ರವಚನ ಸಮಿತಿಗಳಲ್ಲಿ ಲೆಕ್ಕ ಬರೆಯುವವರು, ನಿರೂಪಣೆ ಮಾಡುವವರು ನೀವೇ. ದಿನಕ್ಕೆ ಅರ್ಧ ತಾಸು ಪ್ರಶ್ನೆಗೆ ಇಡಿಸಿ, ಮೈಕನ್ನು ಹಿಂದಿನ ಸಾಲಿಗೆ ಕಳಿಸಿ. ಶಿಸ್ತು ಕೆಡುತ್ತದೆ ಅಂದಾರು. ಕೆಡಲಿ. ಯಾರು ಎದ್ದಾರು ಎಂಬ ಚಿಂತೆಯೂ ಬೇಡ. ನಮ್ಮವ್ವನದೇ ಒಂದಿದೆ, ಇಷ್ಟು ದಿನ ನನ್ನನ್ನಷ್ಟೇ ಕೇಳಿದ್ದಾಳೆ: “ದೇವರ ಮುಂದ ಭೇದ ಇಲ್ಲಂತಾರ, ಮತ್ತ ಪ್ರಸಾದದ ಪಂಕ್ತಿ ಹಾಕಿದಾಗ ನಮ್ಮನ್ನ ಯಾಕ ಕಡಿಗೆ ಕರೀತಾರೋ?”