ಇಂದಿನ ಚಿಂತನೆ: ಮ್ಯೂಟ್‌ನಲ್ಲಿರುವವರ ಒಪ್ಪಿಗೆ



ನಮ್ಮಲ್ಲಿ ಅನೇಕರಿಗೆ ಈಗ ಆಫೀಸೆಂದರೆ ಜೂಮ್, ಗೂಗಲ್ ಮೀಟ್. ಮಾತಾಡದಿದ್ದಾಗ ಮೈಕ್ ಮ್ಯೂಟ್ ಮಾಡಿ, ಹೊತ್ತಿಗೆ ಸರಿಯಾಗಿ ಸೇರಿಕೊಳ್ಳಿ, ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಬೇಡಿ. ಈ ಶಿಸ್ತೆಲ್ಲ ಒಳ್ಳೆಯದೇ. ಸಮ್ಮಾ ವಾಚಾ ಅಭ್ಯಾಸ ಮಾಡುವವರಿಗೆ ಹೊಸದೂ ಅಲ್ಲ. ನನ್ನನ್ನು ಕಾಡುವುದು ಮೀಟಿಂಗಿನ ಕೊನೆಯ ಮಾತು: "ಎಲ್ಲರಿಗೂ ಓಕೆ ತಾನೆ?" ಎರಡು ಸೆಕೆಂಡ್ ಮೌನ. "ಸರಿ, ಮುಂದಕ್ಕೆ ಹೋಗೋಣ." ಆ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವ ಹಕ್ಕು ಯಾರಿಗಿದೆ?

1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತಾಡುತ್ತ ಬಾಬಾಸಾಹೇಬರು, ಭಿಕ್ಕು ಸಂಘಗಳಿಗೆ ಸಂಸದೀಯ ನಡಾವಳಿ ಗೊತ್ತಿತ್ತೆಂದು ನೆನಪಿಸಿದರು. ಗೊತ್ತುವಳಿ, ಕೋರಂ, ಮತ ಎಣಿಕೆ, ಗುಪ್ತ ಮತದಾನ ಎಲ್ಲವೂ. ವಿನಯಪಿಟಕ ನೋಡಿದರೆ ಸಂಘದಲ್ಲೂ ಮೌನವೇ ಒಪ್ಪಿಗೆ. ಆದರೆ ಉಪಸಂಪದೆಯಂಥ ದೊಡ್ಡ ವಿಷಯವಾದರೆ ಪ್ರಸ್ತಾಪ ಇಟ್ಟ ಮೇಲೆ ಮೂರು ಸಲ ಕೇಳಬೇಕು: ಒಪ್ಪುವವರು ಸುಮ್ಮನಿರಲಿ, ಒಪ್ಪದವರು ಹೇಳಲಿ. ಮೂರನೆಯ ಸಲವೂ ಯಾರೂ ಮಾತಾಡದಿದ್ದರೆ ಮಾತ್ರ ತೀರ್ಮಾನ. ಕಾಯಿಲೆ ಬಿದ್ದ ಭಿಕ್ಕು ತನ್ನ ಸಮ್ಮತಿಯನ್ನು ಇನ್ನೊಬ್ಬರ ಮೂಲಕ ಕಳಿಸಬೇಕು. ಅದೂ ಆಗದಿದ್ದರೆ ಮಂಚದ ಸಮೇತ ಅವನನ್ನು ಹೊತ್ತು ತರಬೇಕು. ಹೊತ್ತರೆ ಕಾಯಿಲೆ ಹೆಚ್ಚುತ್ತದೆ ಅನ್ನುವುದಾದರೆ ಸಂಘವೇ ಅವನಿದ್ದಲ್ಲಿಗೆ ಹೋಗಬೇಕು. ಅವನನ್ನು ಬಿಟ್ಟು ಕಲಾಪ ನಡೆಸುವಂತಿಲ್ಲ. ನೆಟ್‌ವರ್ಕ್ ಸಿಗದೆ ಕರೆಯಿಂದ ಉದುರಿಹೋದವರನ್ನು ನಾವು ಹೀಗೆ ಹುಡುಕಿಕೊಂಡು ಹೋಗುತ್ತೇವೆಯೇ?

ನಮ್ಮ ಅಜ್ಜಂದಿರು ಪಂಚಾಯ್ತಿ ಕಟ್ಟೆಯಿಂದ ದೂರ, ಹೆಗಲ ಟವೆಲ್ಲನ್ನು ಕಂಕುಳಿಗೆ ಸೇರಿಸಿ ಸುಮ್ಮನೆ ನಿಂತವರು. ಅವರ ಮೌನವನ್ನೂ ಒಪ್ಪಿಗೆ ಅಂದರು. ಸಂಘದಲ್ಲಿ ಸುಮ್ಮನಿದ್ದವನು ಮಾತಾಡಬಹುದಾಗಿತ್ತು. ಕಟ್ಟೆಯ ಕೆಳಗೆ ನಿಂತವನು ಮಾತಾಡುವಂತಿರಲಿಲ್ಲ.

ನಾನು ಕೆಲಸ ಮಾಡುವ ಕಡೆ ವಾರದ ಕರೆ ನಡೆಸುವ ಸರದಿ ನನಗೂ ಬರುತ್ತದೆ. ಹದಿನಾಲ್ಕು ಜನ. ಇಬ್ಬರು ತಮ್ಮ ಊರಿಂದ ಮೊಬೈಲ್ ಡೇಟಾದಲ್ಲಿ ಸೇರುತ್ತಾರೆ. (ಅವರ ಕ್ಯಾಮೆರಾ ಆಫ್ ಇದ್ದರೆ ಅಗೌರವ ಅನ್ನುವವರಿದ್ದಾರೆ. ಒಂದೇ ಕೋಣೆಯ ಮನೆಯಲ್ಲಿ ಬೆನ್ನ ಹಿಂದೆಯೇ ಅವ್ವ ಅನ್ನ ಬಸಿಯುತ್ತಿರುತ್ತಾಳೆ ಎಂಬುದು ಇವರಿಗೆ ಹೊಳೆಯುವುದಿಲ್ಲ.) ನಾನು ಮೂರು ಸಲ ಕೇಳುತ್ತೇನೆ, ಪ್ರತಿ ಸಲ ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಶಿಫ್ಟ್ ಬದಲಾಯಿಸುವ ದಿನ ಮೂರನೆಯ ಸಲಕ್ಕೆ ಒಂದು ದನಿ ಬಂತು: "ಸರ್, ಸಂಜೆ ಆರರಿಂದ ಒಂಬತ್ತರವರೆಗೆ ನಮ್ಮೂರಲ್ಲಿ ಕರೆಂಟ್ ಇರಲ್ಲ." ಆಕೆಯ ಶಿಫ್ಟ್ ಬೆಳಿಗ್ಗೆಯೇ ಉಳಿಯಿತು. ಟೈಮ್ ವೇಸ್ಟ್ ಎಂದು ಗೊಣಗುವವರಿಗೆ ಲೆಕ್ಕ ಹೇಳುತ್ತೇನೆ: ಮೂವತ್ತು ಸೆಕೆಂಡ್.

ಆದರೂ ಮೈಕ್ ಆನ್ ಇದ್ದೂ ಬಾಯಿ ಬಾರದವರಿದ್ದಾರೆ. ಮೇಲಧಿಕಾರಿ ಕರೆಯಲ್ಲೇ ಇರುತ್ತಾರೆ, ಇವರ ಕೆಲಸ ಕಾಯಂ ಅಲ್ಲ. ಮೂರಲ್ಲ, ಮೂವತ್ತು ಸಲ ಕೇಳಿದರೂ ಹೇಳಲಾರರು. ಅಂಥವರಿಗೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿ, ಹೆಸರು ಹೇಳದೆ ಅವರ ಮಾತನ್ನು ನಾನೇ ಕರೆಯಲ್ಲಿ ಇಡುತ್ತಿದ್ದೇನೆ. ವಿನಯದಂತೆ ಸಮ್ಮತಿಯನ್ನು ಇನ್ನೊಬ್ಬರು ತಂದು ಒಪ್ಪಿಸಬಹುದು. ಅಸಮ್ಮತಿಯನ್ನೂ ಹಾಗೆ ತರಬಹುದೇ? ಭಾನುವಾರ ವಿಹಾರದಲ್ಲಿ ಇದನ್ನು ಕೇಳಬೇಕೆಂದಿದ್ದೇನೆ. ಓದಿ ತಿಳಿದವರಿದ್ದರೆ ಅದಕ್ಕೆ ಮೊದಲೇ ಗ್ರೂಪಿನಲ್ಲಿ ಹೇಳಿ.