*ಇಂದಿನ ಧಮ್ಮ ಚಿಂತನೆ: ನೋವಿಲ್ಲದ ಗಾಯ*





ಹನೂರು ಕಡೆಯ ನಮ್ಮ ದೊಡ್ಡಪ್ಪನವರಿಗೆ 15 ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಭಾನುವಾರದ ವಂದನೆ ತಪ್ಪಿಸಿದವರಲ್ಲ. ಮಾತ್ರೆ ಮಾತ್ರ ತಪ್ಪಿಸುತ್ತಿದ್ದರು. ಒಂದು ಏಪ್ರಿಲ್‌ನಲ್ಲಿ ಅವರ ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಕೀವಾಗಿದ್ದನ್ನು ನಾನೇ ನೋಡಿದೆ. "ನೋವೇ ಇಲ್ಲ ಕನ ಮೊಗ, ಬುಡು" ಅಂದರು. ನಾನೂ ಬಿಟ್ಟೆ. ಬಾಬಾಸಾಹೇಬರ ಜಯಂತಿ ಮುಗಿಯಲಿ, ಆಮೇಲೆ ಆಸ್ಪತ್ರೆಗೆ ಹೋದರಾಯಿತು ಎಂದುಕೊಂಡೆ. ಜಯಂತಿ ಮುಗಿಯುವಷ್ಟರಲ್ಲಿ ಪಾದ ಕಪ್ಪಾಗಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಮರುವರ್ಷ ಹೃದಯಾಘಾತದಿಂದ ತೀರಿಕೊಂಡರು.

ಮಣ್ಣಿಗೆ ಬಂದವರಲ್ಲಿ ಒಬ್ಬರು "ಹಣೆಬರಹ" ಅಂದರು. ಇನ್ನೊಬ್ಬರು "ಯಾರೋ ಮಾಡಿಸಿದ್ದಾರೆ" ಅಂದರು. ಹಣೆಬರಹವನ್ನೂ ಮಾಟ ಮಂತ್ರವನ್ನೂ ಬಿಟ್ಟು ಧಮ್ಮಕ್ಕೆ ಬಂದವರು ನಾವು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂಬುದೇ ಭಗವಾನ್ ಬುದ್ಧರು ತೋರಿಸಿದ ಪಟಿಚ್ಚಸಮುಪ್ಪಾದ.

ಇಲ್ಲಿನ ಕಾರಣ ಏನು? ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳೂ ರಕ್ತನಾಳಗಳೂ ಹಾಳಾಗುತ್ತವೆ. ನರ ಸತ್ತ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯದು. ರಕ್ತ ಸರಿಯಾಗಿ ಹರಿಯದೆ ಗಾಯ ಮಾಯದು. ಕಣ್ಣು, ಕಿಡ್ನಿಗೂ ಅದೇ ಹಾನಿ. ಕೊನೆಗೆ ಜೀವ ತೆಗೆಯುವುದು ಹೆಚ್ಚಾಗಿ ಹೃದಯಾಘಾತ, ಲಕ್ವ, ಕಿಡ್ನಿ ವೈಫಲ್ಯ, ಸೋಂಕು. ಕೆಲವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗುತ್ತದೆ. ನೋವಿಲ್ಲ ಅಂದ ಮಾತ್ರಕ್ಕೆ ದುಃಖವಿಲ್ಲ ಎಂದಲ್ಲ.

ಬಾಬಾಸಾಹೇಬರಿಗೂ ಇದೇ ಕಾಯಿಲೆ. ಸಂವಿಧಾನದ ಕರಡಿನ ದಿನಗಳಲ್ಲಿ ಕಾಲುನೋವಿನಿಂದ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮ ದೀಕ್ಷೆ. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ರಂದು, 65ರ ವಯಸ್ಸಿನಲ್ಲಿ ನಿದ್ದೆಯಲ್ಲೇ ಪರಿನಿಬ್ಬಾಣ. 'ಬುದ್ಧ ಮತ್ತು ಆತನ ಧಮ್ಮ' 1957ರಲ್ಲಿ ಅಚ್ಚಾಗಿ ಬಂದಾಗ ನೋಡಲು ಅವರಿರಲಿಲ್ಲ. ಅವರು ನಮಗಾಗಿ ದೇಹ ಸವೆಸಿದರು. ನಾವು ಉದಾಸೀನದಿಂದ ಸವೆಸುತ್ತಿದ್ದೇವೆ.

ಕೋಸಲದ ರಾಜ ಪಸೇನದಿ ಒಂದು ದ್ರೋಣದ ಅಳತೆಯ ಅನ್ನ ಉಂಡು, ಏದುಸಿರು ಬಿಡುತ್ತ ಬುದ್ಧರ ಬಳಿ ಬಂದ ಕಥೆ ಸಂಯುತ್ತ ನಿಕಾಯದಲ್ಲಿದೆ. ಬುದ್ಧರು ಬೈಯಲಿಲ್ಲ. ಅರಿವಿನಿಂದ, ಮಿತವಾಗಿ ಉಣ್ಣುವವನ ಕಷ್ಟ ಕಡಿಮೆಯಾಗುತ್ತದೆ ಎಂಬರ್ಥದ ಒಂದು ಗಾಥೆ ಹೇಳಿದರು. ರಾಜ ಪ್ರತಿ ಊಟದಲ್ಲೂ ಅದನ್ನು ಒಬ್ಬ ಹುಡುಗನಿಂದ ಹೇಳಿಸಿ ಕೇಳಿದ. ಕ್ರಮೇಣ ಒಂದು ನಾಳಿ ಅನ್ನಕ್ಕೆ ಇಳಿದ, ಮೈ ಹಗುರವಾಯಿತು. ಗಮನಿಸಿ: ರಾಜನಿಗೂ ದಿನಾ ನೆನಪಿಸುವ ಒಬ್ಬರು ಬೇಕಾಯಿತು. ನಮ್ಮ ಮನೆಯಲ್ಲಿ ಆ ಹುಡುಗ ನಾನಾಗಬೇಕಿತ್ತು. ಆಗಲಿಲ್ಲ.

ಹಾಗಾಗಿ ಇಂದು ಇಷ್ಟು ಮಾಡೋಣ:
🔹 ರಾತ್ರಿ ಮಲಗುವ ಮುನ್ನ ಎರಡೂ ಅಂಗಾಲು ನೋಡಿಕೊಳ್ಳಿ. ಕಾಣದಿದ್ದರೆ ಮೊಮ್ಮಕ್ಕಳಿಂದ ನೋಡಿಸಿ. ಇದೂ ಕಾಯಾನುಪಸ್ಸನೆಯೇ.
🔹 ಗದ್ದೆಗೆ, ಹಿಪ್ಪುನೇರಳೆ ತೋಟಕ್ಕೆ ಬರಿಗಾಲಲ್ಲಿ ಹೋಗಬೇಡಿ.
🔹 ಮುದ್ದೆಯಾದರೂ ಅನ್ನವಾದರೂ ಅಳತೆ ಇರಲಿ. ಐದನೇ ಶೀಲ ಮುರಿಯಬೇಡಿ. ಬೀಡಿ ಬಿಡಿ.
🔹 ಹುಷಾರಾಗಿದ್ದೇನೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.
🔹 30 ದಾಟಿದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ನೋಡಿಸಿ. ಪರೀಕ್ಷೆ ಉಚಿತ.

ತಮಗೆ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದು ಬುದ್ಧರು ಭಿಕ್ಖುಗಳಿಗೆ ಹೇಳಿದ್ದರು. ಇಂದು ನಿಮ್ಮ ಮನೆಯ ಹಿರಿಯರ ಪಾದ ಮುಟ್ಟಿ. ನಮಸ್ಕಾರಕ್ಕಲ್ಲ, ಗಾಯ ಇದೆಯೇ ಎಂದು ನೋಡಲು.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏